ಕಾಡಿನ ರಸ್ತೆ ಬದಿಯಲ್ಲಿ ಪುಕ್ಕಟೆ ಟೆಂಟ್ ಜಾಗ ಹುಡುಕುವುದು ಹೇಗೆ?

ಅಮೆರಿಕದಲ್ಲಿರುವ ನಮ್ಮವರಿಗೆ ಗ್ರ್ಯಾಂಡ್ ಕ್ಯಾನಿಯನ್ ನೆನಪಾಗುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ ಶುರು, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಆದರೆ ಪಾರ್ಕಿನೊಳಗಿನ ಮ್ಯಾಥರ್ ಕ್ಯಾಂಪ್‌ಗ್ರೌಂಡಿನ ಬುಕಿಂಗ್ ಆರು ತಿಂಗಳು ಮೊದಲೇ ತೆರೆಯುತ್ತದೆ. ನಾವು ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ವಾರಾಂತ್ಯಗಳೆಲ್ಲ ಭರ್ತಿಯಾಗಿರುತ್ತವೆ. ಹೋಟೆಲ್ ದರ ನೋಡಿದರೆ ಎದೆ ಝಲ್ ಅನ್ನುತ್ತದೆ.

ಪಾರ್ಕಿನ ದಕ್ಷಿಣದ ಗೇಟಿನಿಂದ ಹೊರಗೆ ಬಂದರೆ ಟೂಸಯಾನ್ ಅನ್ನುವ ಪುಟ್ಟ ಊರು. ಆ ಊರನ್ನು ಸುತ್ತುವರಿದಿರುವುದೇ ಕೈಬ್ಯಾಬ್ ನ್ಯಾಷನಲ್ ಫಾರೆಸ್ಟ್. ಅಲ್ಲಿ ಪೈನ್ ಮರಗಳ ಕೆಳಗೆ, ಮಣ್ಣಿನ ರಸ್ತೆಯ ಪಕ್ಕ, ಟೆಂಟ್ ಹಾಕಿ ಮಲಗಬಹುದು. ಬುಕಿಂಗ್ ಇಲ್ಲ, ದುಡ್ಡೂ ಇಲ್ಲ. ಕಾನೂನು ಪ್ರಕಾರವೇ. ಇದಕ್ಕೆ ಇಲ್ಲಿನವರು ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅನ್ನುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ. ಫಾರೆಸ್ಟಿನ ರೇಂಜರ್ ಆಫೀಸಿಗೆ ಫೋನ್ ಮಾಡಿದಾಗ ಇದೇ ಪದದಲ್ಲಿ ಕೇಳಬೇಕು.

ಪುಕ್ಕಟೆ ಅಂದರೆ ನಿಜವಾಗಿಯೂ ಏನೂ ಇರುವುದಿಲ್ಲ. ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ಡಬ್ಬಿ ಇಲ್ಲ, ಬಹಳ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಇದು ಮನೆಯವರಿಗೆಲ್ಲ ಒಪ್ಪಿಗೆ ಇದ್ದರೆ ಮುಂದೆ ಓದಿ. ಇಲ್ಲದಿದ್ದರೆ ಟೂಸಯಾನ್ ಪಕ್ಕದಲ್ಲೇ ಟೆನ್-ಎಕ್ಸ್ ಅನ್ನುವ ಫಾರೆಸ್ಟ್ ಸರ್ವೀಸಿನ ಕ್ಯಾಂಪ್‌ಗ್ರೌಂಡ್ ಇದೆ. ದುಡ್ಡು ಕೊಟ್ಟು ಅಲ್ಲಿ ಇರಬಹುದು. ತಪ್ಪೇನಿಲ್ಲ.

ಪಾರ್ಕ್ ಬೇರೆ, ಫಾರೆಸ್ಟ್ ಬೇರೆ

ಊರಲ್ಲಿ ಕಾಡು ಅಂದರೆ ಗೇಟು, ಗಾರ್ಡು, ಅರಣ್ಯ ಇಲಾಖೆಯ ಅನುಮತಿ ಚೀಟಿ. ಮೀಸಲು ಅರಣ್ಯದಲ್ಲಿ ಸುಮ್ನೆ ಹೋಗಿ ಟೆಂಟ್ ಹಾಕಿದರೆ ಕೇಸಾಗುತ್ತದೆ. ಹಾಗಾಗಿ ನಮ್ಮವರಿಗೆ ಮೊದಲು ನಂಬಿಕೆಯೇ ಬರುವುದಿಲ್ಲ. ಇಲ್ಲಿನ ಲೆಕ್ಕ ಬೇರೆ. ನ್ಯಾಷನಲ್ ಪಾರ್ಕುಗಳು ಒಳನಾಡು ಇಲಾಖೆಯ ಕೈಯಲ್ಲಿವೆ, ನಿಯಮ ಬಿಗಿ. ನ್ಯಾಷನಲ್ ಫಾರೆಸ್ಟುಗಳು 1905ರಲ್ಲಿ ಶುರುವಾದ ಫಾರೆಸ್ಟ್ ಸರ್ವೀಸ್ ಕೈಯಲ್ಲಿವೆ, ಅದು ಕೃಷಿ ಇಲಾಖೆಯ ಭಾಗ. ಮರ ಕಡಿಯುವುದು, ದನ ಮೇಯಿಸುವುದು, ಬೇಟೆ, ಓಡಾಟ ಎಲ್ಲಕ್ಕೂ ಅಲ್ಲಿ ಜಾಗ ಇದೆ. ಒಟ್ಟು 154 ಫಾರೆಸ್ಟುಗಳು. ಹುಲ್ಲುಗಾವಲುಗಳನ್ನೂ ಸೇರಿಸಿದರೆ ಸುಮಾರು 19.3 ಕೋಟಿ ಎಕರೆ. ನಮ್ಮ ಕರ್ನಾಟಕದಂಥ ನಾಲ್ಕು ರಾಜ್ಯ ಅದರಲ್ಲಿ ಹಿಡಿಸುತ್ತವೆ.

ಒಂದೇ ಜಾಗದಲ್ಲಿ ಇರಲು ಸಾಮಾನ್ಯವಾಗಿ 14 ದಿನ ಮಿತಿ. ಕೆಲವು ಕಡೆ ಇನ್ನೂ ಕಡಿಮೆ. ನಾವು ಎರಡು ರಾತ್ರಿ ಇರುವವರು, ಅದರ ಚಿಂತೆ ಬೇಡ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ನನ್ನ ಮೊದಲ ಪ್ರಯತ್ನ ಹೇಗಿತ್ತು ಅಂದರೆ, ಶುಕ್ರವಾರ ಆಫೀಸ್ ಮುಗಿಸಿ ಫೀನಿಕ್ಸ್ ಬಿಟ್ಟೆವು. ಟೂಸಯಾನ್ ದಾಟುವಾಗ ರಾತ್ರಿ ಹತ್ತೂವರೆ. ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ್ದ ಕೆಂಪು ಚುಕ್ಕಿಯನ್ನು ನಂಬಿ ಮಣ್ಣಿನ ರಸ್ತೆಗೆ ತಿರುಗಿದೆ. ಹೆಡ್‌ಲೈಟಿನಲ್ಲಿ ಮರದ ಬುಡ ಬಿಟ್ಟರೆ ಏನೂ ಕಾಣದು. ರಸ್ತೆ ಹೋಗ್ತಾ ಹೋಗ್ತಾ ಎರಡು ಗಾಲಿ ಗುಂಡಿಯಾಯಿತು. ಕಾರಿನ ಹೊಟ್ಟೆ ಕಲ್ಲಿಗೆ ಕರಕರ ಉಜ್ಜಿತು. ಹಿಂದಕ್ಕೆ ತಿರುಗಿಸಲು ಜಾಗ ಇಲ್ಲ. ನಾಲ್ಕೂ ಜನ ಕಾರಲ್ಲೇ ಕುತ್ತಿಗೆ ವಾಲಿಸಿಕೊಂಡು ಮಲಗಿದೆವು. ಬೆಳಗ್ಗೆ ಎದ್ದು ನೋಡಿದರೆ, ಐವತ್ತು ಹೆಜ್ಜೆ ಹಿಂದೆ ಒಳ್ಳೆ ಸಮತಟ್ಟಾದ ಜಾಗ, ಕಲ್ಲು ಜೋಡಿಸಿದ ಒಲೆ, ಮೇಲೆ ನೆರಳು. ಕತ್ತಲಲ್ಲಿ ಅದರ ಪಕ್ಕದಲ್ಲೇ ಹಾದು ಹೋಗಿದ್ದೆವು.

ಅವತ್ತಿನಿಂದ ನನ್ನ ಹುಡುಕಾಟದ ಮುಕ್ಕಾಲು ಭಾಗ ಮನೆಯ ಊಟದ ಟೇಬಲ್ ಮೇಲೆ ಮುಗಿಯುತ್ತದೆ. ಉಳಿದ ಕಾಲು ಭಾಗ ಬೆಳಕು ಇರುವಾಗ.

ಮೊದಲ ಹೆಜ್ಜೆ ಒಂದು ಕಪ್ಪು ಬಿಳುಪು ನಕ್ಷೆ. ಹೆಸರು ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್. ಎಲ್ಲರೂ ಎಂವಿಯುಎಂ ಅನ್ನುತ್ತಾರೆ. 2005ರ ಒಂದು ನಿಯಮದ ನಂತರ, ಯಾವ ರಸ್ತೆಯಲ್ಲಿ ಗಾಡಿ ಓಡಿಸಬಹುದು ಅನ್ನುವುದನ್ನು ಪ್ರತಿ ಫಾರೆಸ್ಟೂ ಇಂಥ ನಕ್ಷೆಯಲ್ಲಿ ತೋರಿಸಬೇಕಾಯಿತು. ರೇಂಜರ್ ಆಫೀಸಿನಲ್ಲಿ ಕಾಗದದ ಪ್ರತಿ ಪುಕ್ಕಟೆ ಸಿಗುತ್ತದೆ. ಫಾರೆಸ್ಟಿನ ವೆಬ್‌ಸೈಟಿನಿಂದ ಇಳಿಸಿಕೊಳ್ಳಲೂಬಹುದು. ಅವೆಂಜಾ ಅನ್ನುವ ಆ್ಯಪಿನಲ್ಲಿ ಹಾಕಿಕೊಂಡರೆ, ಸಿಗ್ನಲ್ ಇಲ್ಲದಿದ್ದರೂ ನೀವು ನಕ್ಷೆಯಲ್ಲಿ ಎಲ್ಲಿದ್ದೀರಿ ಅಂತ ನೀಲಿ ಚುಕ್ಕಿ ತೋರಿಸುತ್ತದೆ.

ನೋಡಲು ಈ ನಕ್ಷೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬೆಟ್ಟ ಇಲ್ಲ, ಬಣ್ಣ ಇಲ್ಲ, ಬರೀ ಗೆರೆ ಮತ್ತು ನಂಬರು. ಆದರೆ ಕಾನೂನಿನ ಮಾತು ಬಂದಾಗ ಇದೇ ಲೆಕ್ಕಕ್ಕೆ. ನೆಲದ ಮೇಲೆ ಚೆಂದದ ರಸ್ತೆ ಕಂಡರೂ, ಅಡ್ಡ ಗೇಟು ಇಲ್ಲದಿದ್ದರೂ, ನಕ್ಷೆಯಲ್ಲಿ ಆ ರಸ್ತೆ ಇಲ್ಲ ಅಂದರೆ ಗಾಡಿ ತೆಗೆದುಕೊಂಡು ಹೋಗುವಂತಿಲ್ಲ. ಬೋರ್ಡ್ ಇರಲಿಲ್ಲ ಅಂದರೆ ದಂಡ ತಪ್ಪುವುದಿಲ್ಲ.

ಈಗ ಗೆರೆಗಳ ಅಕ್ಕಪಕ್ಕ ಕಣ್ಣಿಟ್ಟು ನೋಡಿ. ಕೆಲವು ರಸ್ತೆಗಳ ಉದ್ದಕ್ಕೂ ಸಣ್ಣ ಸಣ್ಣ ಚುಕ್ಕಿಗಳ ಸಾಲು ಇರುತ್ತದೆ, ರಂಗೋಲಿ ಎಳೆಯ ಪಕ್ಕ ಇಟ್ಟ ಹಾಗೆ. ಚುಕ್ಕಿ ಇದ್ದರೆ, ಆ ರಸ್ತೆಯಿಂದ ಇಷ್ಟು ಅಡಿ ಒಳಗೆ ಗಾಡಿ ಇಳಿಸಿ ಬಿಡಾರ ಹಾಕಬಹುದು ಅಂತ ಅರ್ಥ. ಎಷ್ಟು ಅಡಿ ಅನ್ನುವುದು ನಕ್ಷೆಯ ಬದಿಯ ಪಟ್ಟಿಯಲ್ಲಿ ಇರುತ್ತದೆ. ಬಹಳ ಕಡೆ 300 ಅಡಿ. ಚುಕ್ಕಿ ಇಲ್ಲದ ರಸ್ತೆಯಲ್ಲಿ ಗಾಡಿಯನ್ನು ರಸ್ತೆಯ ಅಂಚಿನಲ್ಲೇ ನಿಲ್ಲಿಸಬೇಕು. ಕೆಲವು ಫಾರೆಸ್ಟು 30 ಅಡಿ ಅನ್ನುತ್ತದೆ, ಕೆಲವು ಒಂದು ಗಾಡಿಯ ಉದ್ದ ಅನ್ನುತ್ತದೆ. ಅಲ್ಲಿಂದ ಟೆಂಟ್ ಹೊತ್ತುಕೊಂಡು ಒಳಗೆ ನಡೆದು ಹೋಗಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಅದೇ ಪಟ್ಟಿಯಲ್ಲಿ ಯಾವ ರಸ್ತೆ ಯಾವ ತಿಂಗಳಲ್ಲಿ ತೆರೆದಿರುತ್ತದೆ ಅಂತಲೂ ಇದೆ. ಅದನ್ನೂ ನೋಡಿ.

ಎರಡನೆಯದು, ಉಪಗ್ರಹದ ಚಿತ್ರ. ಚುಕ್ಕಿ ಇರುವ ರಸ್ತೆಯನ್ನು ಗೂಗಲ್ ಮ್ಯಾಪಿನಲ್ಲಿ ಹಿಡಿದು ಪೂರ್ತಿ ಹತ್ತಿರಕ್ಕೆ ತನ್ನಿ. ರಸ್ತೆಯಿಂದ ಹೊರಟು ಬಾಲದ ಹಾಗೆ ಸುತ್ತಿ ನಿಲ್ಲುವ ತಿಳಿ ಬಣ್ಣದ ತುಂಡು ಕಂಡರೆ, ಮರಗಳ ನಡುವೆ ಬೋಳು ಮಚ್ಚೆ ಕಂಡರೆ, ಅದು ಹಳೆಯ ಬಿಡಾರದ ಜಾಗ. ಗಾಡಿ ಹರಿದು ಹರಿದು ಹುಲ್ಲು ಸತ್ತಿರುತ್ತದೆ. ಟೂಸಯಾನ್‌ನಿಂದ ಪೂರ್ವಕ್ಕೆ ಹೋಗುವ 302 ನಂಬರಿನ ರಸ್ತೆಯನ್ನು ಹೀಗೆ ನೋಡಿ, ಒಂದು ಸಲಕ್ಕೇ ಕಣ್ಣು ಪಳಗುತ್ತದೆ. ಒಂದೇ ಜಾಗ ಗುರುತು ಹಾಕಬೇಡಿ. ಮೂರು ಹಾಕಿ, ಒಂದು ಇನ್ನೊಂದರಿಂದ ಸ್ವಲ್ಪ ದೂರದಲ್ಲಿರಲಿ. ಶುಕ್ರವಾರ ಸಂಜೆ ಮೊದಲನೆಯದರಲ್ಲಿ ಯಾರಾದರೂ ಕೂತಿರುತ್ತಾರೆ.

ಐಓವರ್‌ಲ್ಯಾಂಡರ್, ಕ್ಯಾಂಪೆಂಡಿಯಂ ತರಹದ ಆ್ಯಪುಗಳೂ ಇವೆ. ಜನ ಹಾಕಿದ ಫೋಟೋ, ರಸ್ತೆಯ ಸ್ಥಿತಿ ಓದಲು ಚೆನ್ನಾಗಿವೆ. ನಾನೂ ನೋಡುತ್ತೇನೆ. ಆದರೆ ಆ್ಯಪಿನಲ್ಲಿ ಜನ ಹಾಕಿದ ಚುಕ್ಕಿ ಮೂರು ವರ್ಷ ಹಳೆಯದಿರಬಹುದು, ಈಗ ಆ ಜಾಗ ಮುಚ್ಚಿರಬಹುದು. ಅರಿಜೋನಾದ ಸೆಡೋನಾ ಊರಿನ ಸುತ್ತ ಹೀಗೇ ಆಯಿತು. ಎಲ್ಲಿ ಬೇಕಾದಲ್ಲಿ ಇಳಿಯುತ್ತಿದ್ದ ಜನರಿಗೆ ಈಗ ಪಶ್ಚಿಮ ಸೆಡೋನಾ ಕಡೆ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ಅವಕಾಶ. ಆ್ಯಪು ಜಾಗ ತೋರಿಸಲಿ, ಅಪ್ಪಣೆ ಮಾತ್ರ ಕಪ್ಪು ಬಿಳುಪು ನಕ್ಷೆಯದ್ದು.

ನಕ್ಷೆಯಲ್ಲಿ ಖಾಸಗಿ ಜಮೀನನ್ನೂ ಗಮನಿಸಿ. ಫಾರೆಸ್ಟಿನ ಗಡಿಯ ಒಳಗೇ ಅಲ್ಲಲ್ಲಿ ಯಾರದೋ ಹೊಲ, ಮನೆ ಇರುತ್ತವೆ. ಫಾರೆಸ್ಟಿನ ಬಣ್ಣದ ನಕ್ಷೆಯಲ್ಲಿ ಕಾಡು ಹಸಿರು, ಖಾಸಗಿ ತುಂಡು ಬಿಳಿ.

ಒಂದು ಫೋನ್ ಕರೆ

ಹೊರಡುವ ವಾರ ರೇಂಜರ್ ಆಫೀಸಿಗೆ ಫೋನ್ ಮಾಡಿ. ಶನಿವಾರ ಭಾನುವಾರ ಬಹಳ ಕಡೆ ಯಾರೂ ಎತ್ತುವುದಿಲ್ಲ, ಹಾಗಾಗಿ ಗುರುವಾರದೊಳಗೆ ಮಾಡಿ. ನಮ್ಮ ಇಂಗ್ಲಿಷ್ ಉಚ್ಚಾರಣೆ ಅಂತ ಹಿಂಜರಿಯುವವರು ಇದ್ದಾರೆ. ಅವರು ದಿನಾ ಇದೇ ಪ್ರಶ್ನೆಗೆ ಉತ್ತರ ಕೊಡುವವರು. ಕೇಳಬೇಕಾದ್ದು ಮೂರೇ. ಬೆಂಕಿ ಹಾಕಬಹುದಾ? ಇಂಥ ನಂಬರಿನ ರಸ್ತೆಯಲ್ಲಿ ಸಾಧಾರಣ ಕಾರು ಹೋಗುತ್ತದಾ? ಎಲ್ಲಾದರೂ ಮುಚ್ಚಿದ್ದಾರಾ?

ಬೆಂಕಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಉತ್ತರ ಅರಿಜೋನಾದಲ್ಲಿ ಮೇ, ಜೂನ್ ಒಣಗಿ ಕಡ್ಡಿಯಾಗಿರುತ್ತದೆ. ಜುಲೈನಲ್ಲಿ ಮಳೆ ಹಿಡಿಯುವವರೆಗೂ ಹಲವು ವರ್ಷ ನಿರ್ಬಂಧ ಇರುತ್ತದೆ. ಸ್ಟೇಜ್ ಒಂದು ಅಂದರೆ ಸಾಮಾನ್ಯವಾಗಿ ದುಡ್ಡು ಕೊಡುವ ಕ್ಯಾಂಪ್‌ಗ್ರೌಂಡಿನಲ್ಲಿ ಮಾತ್ರ ಬೆಂಕಿ. ಅಂದರೆ ನಮ್ಮ ರಸ್ತೆ ಬದಿಯ ಜಾಗದಲ್ಲಿ ಸೌದೆ ಒಲೆ ಇಲ್ಲ. ಸ್ಟೇಜ್ ಎರಡು ಅಂದರೆ ಎಲ್ಲೂ ಇಲ್ಲ. ತಿರುಗಿಸಿ ಆರಿಸುವ ಗ್ಯಾಸ್ ಸ್ಟವ್‌ಗೆ ಆಗಲೂ ಸಾಮಾನ್ಯವಾಗಿ ಅನುಮತಿ ಇರುತ್ತದೆ, ಕೇಳಿ ಖಚಿತ ಮಾಡಿಕೊಳ್ಳಿ. ಕ್ಯಾಲಿಫೋರ್ನಿಯಾದ ಕಾಡಿನಲ್ಲಿ ಟೆಂಟ್ ಹಾಕುವವರು ಸ್ಟವ್ ಹಚ್ಚಲೂ ಕ್ಯಾಂಪ್‌ಫೈರ್ ಪರ್ಮಿಟ್ ತೆಗೆದುಕೊಳ್ಳಬೇಕು. ಆನ್‌ಲೈನಿನಲ್ಲಿ ಒಂದು ಸಣ್ಣ ವಿಡಿಯೋ ನೋಡಿ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ಪುಕ್ಕಟೆ ಸಿಗುತ್ತದೆ.

ರಸ್ತೆಗೆ ಇಳಿದ ಮೇಲೆ

ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ಕಾಡಿನ ರಸ್ತೆಯಲ್ಲಿರಿ. ಅರಿಜೋನಾದವರು ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ. ಗ್ರ್ಯಾಂಡ್ ಕ್ಯಾನಿಯನ್ ಕಡೆ ಜೂನ್‌ನಲ್ಲೂ ಏಳೂ ಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೇ ಏರಿಯಾದಿಂದ ಬಂದವರು ಎಂಟೂವರೆ ಅಂದುಕೊಂಡು ಮೋಸ ಹೋಗುತ್ತಾರೆ.

ರಸ್ತೆ ಕವಲೊಡೆಯುವಲ್ಲಿ ಕಂದು ಬಣ್ಣದ ಸಣ್ಣ ಕಂಬ ಅಥವಾ ಹಲಗೆಯ ಮೇಲೆ ನಂಬರ್ ಇರುತ್ತದೆ. ಅದನ್ನು ಓದುವುದರಲ್ಲೇ ಒಂದು ಗುಟ್ಟಿದೆ. ನಂಬರ್ ಅಡ್ಡಡ್ಡ ಬರೆದಿದ್ದರೆ ಸಾಧಾರಣ ಕಾರು ಹೋಗುವ ರಸ್ತೆ. ಮೇಲಿಂದ ಕೆಳಕ್ಕೆ, ಒಂದರ ಕೆಳಗೆ ಒಂದು ಅಂಕಿ ಇದ್ದರೆ, ಹೊಟ್ಟೆ ನೆಲದಿಂದ ಎತ್ತರದಲ್ಲಿರುವ ಗಾಡಿಗೆ ಮಾತ್ರ. ಮೊದಲ ಸಲ ನನ್ನ ಕಾರಿನ ಹೊಟ್ಟೆ ಉಜ್ಜಿದ ರಸ್ತೆಯ ಕಂಬದಲ್ಲಿ ಅಂಕಿಗಳು ನೆಟ್ಟಗೆ ನಿಂತಿದ್ದವು. ಕತ್ತಲಲ್ಲಿ ನಾನು ನೋಡಿದ್ದು ನಂಬರನ್ನು ಮಾತ್ರ, ಅದು ನಿಂತ ರೀತಿಯನ್ನಲ್ಲ.

ಮಳೆ ಬಂದಿದ್ದರೆ ಇನ್ನೊಂದು ಪಾಠ. ಧಾರವಾಡ, ಗದಗ ಕಡೆಯವರಿಗೆ ಹೇಳಬೇಕಿಲ್ಲ, ಎರೆಮಣ್ಣಿನ ದಾರಿ ನೆನೆದರೆ ಏನಾಗುತ್ತದೆ ಅಂತ. ಇಲ್ಲೂ ಹಲವು ರಸ್ತೆ ಅದೇ ಜಾತಿ. ಟೈರಿಗೆ ಮೆತ್ತಿಕೊಂಡು ಕಾರು ಜಾರುತ್ತದೆ, ರಸ್ತೆಯೂ ಹಾಳಾಗುತ್ತದೆ. ಅಂಥ ದಿನ ಜಲ್ಲಿ ಹಾಕಿದ ದೊಡ್ಡ ರಸ್ತೆ ಬಿಟ್ಟು ಇಳಿಯಬೇಡಿ. ಬಾಡಿಗೆ ಕಾರಾದರೆ ಮಣ್ಣಿನ ರಸ್ತೆಗೆ ಒಪ್ಪಿಗೆ ಇದೆಯಾ ಅಂತ ಕರಾರು ಓದಿ. ಸ್ಪೇರ್ ಟೈರಿನಲ್ಲಿ ಗಾಳಿ ಇದೆಯಾ ನೋಡಿ. ದನದ ಬೇಲಿಗೆ ಗೇಟ್ ಇದ್ದರೆ, ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮುಚ್ಚಿ.

ಗುರುತು ಹಾಕಿದ ಕವಲು ಬಂತಾ? ಕಾರನ್ನು ನೇರ ಒಳಗೆ ನುಗ್ಗಿಸಬೇಡಿ. ಅಂಚಿಗೆ ನಿಲ್ಲಿಸಿ, ಇಳಿದು, ನಡೆದು ನೋಡಿ ಬನ್ನಿ. ತಿರುಗಿಸಲು ಜಾಗ ಇದೆಯಾ, ಆಚೆ ಮರದ ಹಿಂದೆ ಬೇರೆಯವರ ಟೆಂಟ್ ಇದೆಯಾ, ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾರಾದರೂ ಇದ್ದರೆ ಕೈ ಬೀಸಿ ಮುಂದೆ ಹೋಗಿ. ಇಲ್ಲಿ ಜನ ಬರುವುದೇ ಒಬ್ಬರೇ ಇರಲು. ಅವರ ಪಕ್ಕದಲ್ಲೇ ಟೆಂಟ್ ಹೊಡೆದರೆ ಜೊತೆ ಅಂತ ಅನ್ನಿಸುವುದಿಲ್ಲ ಅವರಿಗೆ.

ಜಾಗ ನೋಡುವ ಕಣ್ಣು

ಯಾರೋ ಮೊದಲೇ ಇದ್ದು ಹೋದ ಜಾಗವೇ ಒಳ್ಳೆಯದು. ನೆಲ ಗಟ್ಟಿಯಾಗಿರುತ್ತದೆ, ಕಲ್ಲಿನ ಒಲೆ ಇರುತ್ತದೆ, ಹೊಸದಾಗಿ ಹುಲ್ಲು ತುಳಿದು ಸಾಯಿಸುವುದು ತಪ್ಪುತ್ತದೆ. ಹಸಿರು ಬಯಲಿನ ನಡುವೆ ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಟೆಂಟ್ ಬಿಚ್ಚುವ ಮೊದಲು ತಲೆ ಎತ್ತಿ. ಒಣಗಿದ ಮರ, ಮುರಿದು ಜೋತಾಡುವ ಕೊಂಬೆ ಮೇಲಿದ್ದರೆ ಅಲ್ಲಿ ಬೇಡ. ರಾತ್ರಿ ಗಾಳಿಗೆ ಅದು ಬಿದ್ದರೆ ಟೆಂಟ್ ತಡೆಯುವುದಿಲ್ಲ. ಕಾಳ್ಗಿಚ್ಚು ಹೋದ ಕಾಡಿನಲ್ಲಿ ಇಂಥ ಮರ ಜಾಸ್ತಿ. ಆಮೇಲೆ ತಲೆ ತಗ್ಗಿಸಿ. ಒಣ ಹಳ್ಳದ ಮರಳು ಮಲಗಲು ಮೆತ್ತಗೆ ಕಾಣುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅರಿಜೋನಾದಲ್ಲಿ ಮಧ್ಯಾಹ್ನದ ಗುಡುಗು ಮಳೆ ಎಲ್ಲೋ ಮೈಲಿಗಟ್ಟಲೆ ಆಚೆ ಸುರಿದು, ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರುವಾಗಲೇ ಹಳ್ಳ ತುಂಬಿ ಬರಬಹುದು. ತೊರೆ, ಕೆರೆಯಿಂದ 200 ಅಡಿ ದೂರ ಇರಿ. ದೊಡ್ಡವರ ಹೆಜ್ಜೆಯಲ್ಲಿ ಎಪ್ಪತ್ತು. ಅರಿಜೋನಾದಲ್ಲಂತೂ ದನ, ಕಾಡುಪ್ರಾಣಿ ನೀರು ಕುಡಿಯುವ ಹೊಂಡದಿಂದ ಕಾಲು ಮೈಲಿ ಬಿಡಬೇಕು. ಮನುಷ್ಯರ ವಾಸನೆಗೆ ಅವು ಬಾಯಾರಿಕೊಂಡೇ ವಾಪಸ್ ಹೋಗುತ್ತವೆ.

ಎಲ್ಲ ಸರಿಯಿದ್ದರೆ ಪಾಂಡರೋಸಾ ಪೈನ್ ಮರದ ತೊಗಟೆಯ ಬಿರುಕಿಗೆ ಮೂಗು ಇಟ್ಟು ನೋಡಿ. ಬಿಸಿಲಿಗೆ ಕಾದ ಮರ ವೆನಿಲಾ ಐಸ್‌ಕ್ರೀಮಿನ ಹಾಗೆ ಘಮ್ಮೆನ್ನುತ್ತದೆ. ಮಕ್ಕಳು ಇದನ್ನು ಮರೆಯುವುದಿಲ್ಲ.

ನೀರು, ಅಡುಗೆ, ಚಂಬು

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್ ಅನ್ನುವುದು ಇಲ್ಲಿನ ಲೆಕ್ಕ. ಸುಮಾರು ನಾಲ್ಕು ಲೀಟರ್. ಅದು ಸ್ಯಾಂಡ್‌ವಿಚ್ ತಿನ್ನುವವರ ಲೆಕ್ಕ. ಅಕ್ಕಿ ತೊಳೆದು, ಸಾರಿನ ಪಾತ್ರೆ ಉಜ್ಜುವವರು ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಟೂಸಯಾನ್ ಸುಮಾರು 6600 ಅಡಿ ಎತ್ತರ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವ ಹೊತ್ತಿಗೆ ಗ್ಯಾಸ್ ಮುಗಿದಿರುತ್ತದೆ. ಸಣ್ಣ ಕುಕ್ಕರ್ ಹಾಕಿಕೊಳ್ಳಿ. ಅಥವಾ ಮೊದಲ ರಾತ್ರಿಗೆ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ, ನಾನು ಹಾಗೇ ಮಾಡುವುದು. ಚಳಿ ಅಂತ ಟೆಂಟಿನೊಳಗೆ ಮಾತ್ರ ಸ್ಟವ್ ಹಚ್ಚಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲ ಕಣ್ಣಿಗೆ ಕಾಣದೆ, ವಾಸನೆಯಿಲ್ಲದೆ ಕೊಲ್ಲುತ್ತದೆ.

ಮಲಗುವ ಮೊದಲು ತಿಂಡಿ, ಉಪ್ಪಿನಕಾಯಿ ಬಾಟಲಿ, ಟೂತ್‌ಪೇಸ್ಟ್ ಎಲ್ಲ ಟೆಂಟಿನಿಂದ ಆಚೆ. ಗ್ರ್ಯಾಂಡ್ ಕ್ಯಾನಿಯನ್ ಸುತ್ತ ಕಾಟ ಕೊಡುವುದು ಅಳಿಲು ಮತ್ತು ದೊಡ್ಡ ಕಾಗೆ. ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳ ಕಡೆ, ಯೆಲ್ಲೋಸ್ಟೋನ್ ಸುತ್ತಮುತ್ತ ಕರಡಿ ಇವೆ. ಅಲ್ಲಿ ಆಹಾರ ಹೇಗೆ ಇಡಬೇಕು ಅಂತ ಆದೇಶವೇ ಇರುತ್ತದೆ. ಕೆಲವು ಕಡೆ ಕರಡಿ ತೆರೆಯಲಾಗದ ಡಬ್ಬಿ ಕಡ್ಡಾಯ. ಫೋನ್ ಮಾಡಿದಾಗ ಇದನ್ನೂ ಕೇಳಿ.

ಇನ್ನು ಉಳಿದ ವಿಷಯ. ನಮ್ಮತ್ತೆ ಮೊದಲ ಸಲ ಬಂದಾಗ ಸುತ್ತ ನೋಡಿ, "ಇಷ್ಟು ದುಡ್ಡು ಸುರಿದು ಅಮೆರಿಕಕ್ಕೆ ಬಂದು ಮತ್ತೆ ಚಂಬು ಹಿಡ್ಕೊಂಡು ಹೋಗ್ಬೇಕೇನಪ್ಪಾ?" ಅಂದರು. ಹೌದು ಅತ್ತೆ, ಜೊತೆಗೆ ಒಂದು ಕೈಸಲಿಕೆ ಕೂಡ. ನೀರು, ದಾರಿ, ಟೆಂಟು ಮೂರರಿಂದಲೂ 200 ಅಡಿ ಆಚೆ, ಆರರಿಂದ ಎಂಟು ಇಂಚು ಆಳದ ಗುಂಡಿ. ಮುಗಿದ ಮೇಲೆ ತೆಗೆದ ಮಣ್ಣನ್ನೇ ಮುಚ್ಚಬೇಕು. ಕಾಗದ ಬಳಸುವವರು ಅದನ್ನು ಜಿಪ್ ಚೀಲದಲ್ಲಿ ವಾಪಸ್ ತರಬೇಕು. ಇಲ್ಲಿ ಮಾತ್ರ ನಮ್ಮ ಚಂಬಿನವರಿಗೆ ಕಸ ಕಡಿಮೆ. ಎರಡನೇ ದಿನ ಅತ್ತೆಯೇ ಮೊಮ್ಮಕ್ಕಳಿಗೆ ಗುಂಡಿ ತೋಡುವುದು ಕಲಿಸುತ್ತಿದ್ದರು.

ಹೊರಡುವ ಬೆಳಗ್ಗೆ

ಬೆಂಕಿ ಹಾಕಿದ್ದರೆ ಹೊರಡುವ ಒಂದು ಗಂಟೆ ಮೊದಲೇ ಆರಿಸಲು ಶುರು ಮಾಡಿ. ನೀರು ಸುರಿಯಿರಿ, ಕೋಲಿನಿಂದ ಕದಡಿ, ಮತ್ತೆ ಸುರಿಯಿರಿ. ಕೊನೆಗೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ತಂದು, ಕಾವಿಲ್ಲ ಅನ್ನಿಸಿದರೆ ಮುಟ್ಟಿ ನೋಡಿ. ಬೆಚ್ಚಗಿದ್ದರೂ ಇನ್ನೊಂದು ಕೊಡ. ಬರೀ ಮಣ್ಣು ಮುಚ್ಚಿದರೆ ಕೆಂಡ ಒಳಗೇ ಉಳಿಯುತ್ತದೆ. ಉಳಿದ ಸೌದೆಯನ್ನು ಮನೆಗೆ ತರಬೇಡಿ, ಮನೆಯಿಂದಲೂ ಒಯ್ಯಬೇಡಿ. ಅದರೊಳಗಿನ ಹುಳು ಹೊಸ ಕಾಡಿಗೆ ಹೋಗುತ್ತದೆ.

ಕಸ ಅಂದರೆ ಕಿತ್ತಳೆ ಸಿಪ್ಪೆ, ಸಾಸಿವೆ ಕಾಳಿನಿಂದ ಹಿಡಿದು ಹಿಂದಿನವರು ಒಲೆಯಲ್ಲಿ ಬಿಟ್ಟುಹೋದ ಬಿಯರ್ ಕ್ಯಾನಿನವರೆಗೆ ಎಲ್ಲ ಚೀಲಕ್ಕೆ.

ಹೊರಡುವಾಗ ನಾನು ಆ ಜಾಗದ ಗುರುತು ನನ್ನ ನಕ್ಷೆಯಲ್ಲಿ ಹಾಕಿಕೊಳ್ಳುತ್ತೇನೆ. ಜೊತೆಗೆ ಎರಡು ಸಾಲು: ನೆರಳು ಎಷ್ಟು ಹೊತ್ತಿಗೆ ಬಂತು, ಕಾರು ಎಲ್ಲಿಯವರೆಗೆ ಬಂತು. ಗೆಳೆಯರು ಕೇಳಿದರೆ ರಸ್ತೆಯ ನಂಬರ್ ಹೇಳುತ್ತೇನೆ, ನಕ್ಷೆ ಓದುವುದನ್ನೂ ಹೇಳಿಕೊಡುತ್ತೇನೆ. ಆ ಚುಕ್ಕಿಯನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕುವುದಿಲ್ಲ.